ಗೇರುಗುಡ್ಡೆಯ ಮಣ್ಣು

ಮಣ್ಣಿಗೆ ಮದ್ದಿನ ಗುಣವಿದೆ ಎಂಬ ನಂಬಿಕೆ ನಮ್ಮ ಕಡೆ ಬಹಳ ಹಳೆಯದು. ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋದವರು ಮೃತ್ತಿಕೆಯ ಪ್ರಸಾದವನ್ನು ತಂದು ದೇವರ ಕೋಣೆಯಲ್ಲಿಟ್ಟು, ಮಕ್ಕಳಿಗೆ ಮೈ ಸರಿಯಿಲ್ಲದಾಗ ಒಂದು ಚಿಟಿಕೆ ಹಣೆಗೆ ಹಚ್ಚುತ್ತಾರೆ. ಬೆಳ್ತಂಗಡಿ ತಾಲೂಕಿನ ಕೊಕ್ಕಡದಲ್ಲಿ ವೈದ್ಯನಾಥೇಶ್ವರನ ಗುಡಿಯಿದೆ. ಅಲ್ಲಿಯ ಕೋರಿ ಜಾತ್ರೆಯ ದಿನ ಹರಕೆ ಹೊತ್ತವರು ದೇವರ ಗದ್ದೆಯ ಕೆಸರಿಗಿಳಿಯುತ್ತಾರೆ. ಆ ಕೆಸರು ಮೈಗೆ ತಾಗಿದರೆ ಚರ್ಮದ ಕಾಯಿಲೆ ವಾಸಿಯಾಗುತ್ತದೆಂದು ನಂಬಿಕೆ. ದೇವರ ಹೆಸರಿನಲ್ಲೇ ವೈದ್ಯನಿದ್ದಾನೆ ನೋಡಿ.

ಅದೇ ಕೊಕ್ಕಡದ ಹೆಸರು ಈ ಶತಮಾನದ ಮೊದಲ ವರ್ಷಗಳಿಂದ ಪತ್ರಿಕೆಗಳಲ್ಲಿ ಬೇರೊಂದೇ ಕಾರಣಕ್ಕೆ ಬರತೊಡಗಿತು. ಏಳಲಾರದ, ಮಾತು ಬಾರದ ಮಕ್ಕಳ ಚಿತ್ರಗಳು; ಅವುಗಳ ಪಕ್ಕದಲ್ಲಿ, ಕ್ಯಾಮರಾವನ್ನು ನೋಡದೆ ಬೇರೆಲ್ಲೋ ನೋಡುತ್ತ ಕುಳಿತ ತಾಯಂದಿರು. ಎಂಡೋಸಲ್ಫಾನ್ ಎಂಬ ಹೆಸರು ನಮ್ಮ ಮನೆಗಳೊಳಗೆ ಬಂದದ್ದು ಹಾಗೆ.

ನನ್ನ ತವರು ನಾರಾವಿ. ಬೆಳ್ತಂಗಡಿ ತಾಲೂಕಿನ ಬಡಗಣ ತುದಿಯಲ್ಲಿ, ಕುದುರೆಮುಖದ ಕಾಡಿನ ಬುಡದಲ್ಲಿರುವ ಊರು. ಕೊಕ್ಕಡ ಅದೇ ತಾಲೂಕಿನ ತೆಂಕಣ ತುದಿ. ಒಂದೇ ತಾಲೂಕು, ಒಂದೇ ಮಳೆ, ಒಂದೇ ಮುರಕಲ್ಲಿನ ಮಣ್ಣು. ಆದರೂ ಒಂದು ತುದಿಯ ಹೆಂಗಸರು ಮಕ್ಕಳನ್ನು ಶಾಲೆಗೆ ಕಳುಹಿಸುತ್ತಿದ್ದ ವರ್ಷಗಳಲ್ಲೇ ಇನ್ನೊಂದು ತುದಿಯಲ್ಲಿ ಕೆಲವರು ಹದಿನೈದು ವರ್ಷದ ಮಕ್ಕಳನ್ನು ಎತ್ತಿ ಮೀಯಿಸುತ್ತಿದ್ದರು. ಈ ವ್ಯತ್ಯಾಸ ಎಲ್ಲಿಂದ ಬಂತು, ಅದನ್ನು ಅಳೆದವರು ಯಾರು, ಹೇಗೆ ಅಳೆದರು ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲ ಕಾಡಿದೆ. ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗೇರು ನಮ್ಮ ಮಣ್ಣಿನದಲ್ಲ. ಪೋರ್ಚುಗೀಸರ ಜತೆ ಕಡಲು ದಾಟಿ ಬಂದ ಮರ. ಆದರೆ ಬೇರೇನೂ ಬಾರದ ಪದವಿನಲ್ಲೂ ಅದು ಬರುತ್ತದೆ. ಬೋಳುಗುಡ್ಡೆಗಳಿಗೆ ಹಸಿರು ಬರಲಿ, ಬೀಜದಿಂದ ವಿದೇಶಿ ಹಣವೂ ಬರಲಿ ಎಂದು ಸರಕಾರಗಳು ಗೇರನ್ನು ದೊಡ್ಡದಾಗಿ ನೆಡಿಸಿದವು. 1978ರಲ್ಲಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮ ಹುಟ್ಟಿತು. ಅದರ ತೋಟಗಳು ಕರಾವಳಿಯಲ್ಲಿ ಸುಮಾರು 25,000 ಹೆಕ್ಟೇರಿಗೆ ಹರಡಿದವು. ಗಡಿಯಾಚೆ ಕಾಸರಗೋಡಿನ ಗುಡ್ಡೆಗಳಲ್ಲಿ ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ನಿನ ತೋಟಗಳಿದ್ದವು, 4,500 ಹೆಕ್ಟೇರಿಗೂ ಮಿಕ್ಕಿ. ಗೇರುಬೀಜದ ಫ್ಯಾಕ್ಟರಿಗಳಲ್ಲಿ ಸಿಪ್ಪೆ ಸುಲಿದು, ಬೇಳೆ ಆರಿಸಿ ಸಂಸಾರ ನಡೆಸಿದ ಹೆಂಗಸರು ನಮ್ಮ ಜಿಲ್ಲೆಯಲ್ಲಿ ಎಷ್ಟು ಮಂದಿ ಎಂಬುದು ನಿಮಗೂ ಗೊತ್ತು. ಗೇರನ್ನು ಬೈಯಲು ನನಗೆ ಮನಸ್ಸಿಲ್ಲ.

ಗೇರಿಗೆ ಒಂದು ಶತ್ರುವಿದೆ. ಟೀ ಸೊಳ್ಳೆ ಎನ್ನುತ್ತಾರೆ. ಮರ ಚಿಗುರಿ ಹೂ ಬಿಡುವ ಹೊತ್ತಿಗೆ ಬಂದು ರಸ ಹೀರುತ್ತದೆ. ಚಿಗುರು, ಹೂವು ಕರಟಿ ಹೋಗುತ್ತವೆ. ಅದಕ್ಕೆಂದು ಆರಿಸಿದ ಮದ್ದು ಎಂಡೋಸಲ್ಫಾನ್. 1950ರ ದಶಕದಲ್ಲಿ ಜರ್ಮನಿ ಮತ್ತು ಅಮೆರಿಕದ ಕಂಪೆನಿಗಳು ಮಾರುಕಟ್ಟೆಗೆ ತಂದ ಕ್ಲೋರಿನ್ ಜಾತಿಯ ಕೀಟನಾಶಕ ಅದು. ಸಾವಿರಾರು ಎಕರೆಗೆ ಕೈಪಂಪು ಹಿಡಿದು ಹೊಡೆಯುವುದು ಹೇಗೆ? ಹೆಲಿಕಾಪ್ಟರ್ ಬಂತು. ಕಾಸರಗೋಡಿನಲ್ಲಿ 1970ರ ದಶಕದ ಕೊನೆಯಲ್ಲಿ ಸುರುವಾದದ್ದು 2000ದ ಕೊನೆಯವರೆಗೂ ನಡೆಯಿತು. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಗಳಲ್ಲೂ 1980ರ ಸುಮಾರಿನಿಂದ ಇಪ್ಪತ್ತು ವರ್ಷಗಳ ಕಾಲ ಹೀಗೆಯೇ ಹೊಡೆದರು. ಆ ಕಡೆಯವರನ್ನು ಕೇಳಿ ನೋಡಿ. ಹೆಲಿಕಾಪ್ಟರ್ ಬರುವ ದಿನ ಮಕ್ಕಳಿಗೆ ಹಬ್ಬ. ಶಾಲೆಯಿಂದ ಓಡಿ ಬಂದು ಅದರ ಅಡಿಯಲ್ಲೇ ನಿಂತು ನೋಡುತ್ತಿದ್ದರು ಎನ್ನುತ್ತಾರೆ.

ನಮ್ಮ ಗುಡ್ಡೆಗಳ ರಚನೆಯನ್ನು ಬಲ್ಲವರಿಗೆ ಮುಂದಿನದ್ದು ತಾನಾಗಿಯೇ ಅರ್ಥವಾಗುತ್ತದೆ. ಗೇರು ಗುಡ್ಡೆಯ ತಲೆಯ ಮೇಲೆ, ಮನೆಗಳು ಬುಡದಲ್ಲಿ. ಮಧ್ಯದಲ್ಲಿ ತೋಟ, ಕೆರೆ, ಬಾವಿ, ಹರಿಯುವ ತೋಡು. ಕಾಸರಗೋಡಿನ ಪಡ್ರೆಯಂಥ ಊರುಗಳಲ್ಲಿ ಗುಡ್ಡೆಯ ಹೊಟ್ಟೆಗೇ ಅಡ್ಡಲಾಗಿ ಸುರಂಗ ಕೊರೆದು, ಅದರಿಂದ ಜಿನುಗುವ ನೀರನ್ನು ಕುಡಿಯುತ್ತಾರೆ. ಮದ್ದು ಹೊಡೆಯುವಾಗ ಬಾವಿ ಮುಚ್ಚಬೇಕು, ಜನರಿಗೆ ಮೊದಲೇ ತಿಳಿಸಬೇಕು, ಹೆಲಿಕಾಪ್ಟರ್ ಮರದ ನೆತ್ತಿಗೆ ಹತ್ತಿರದಲ್ಲೇ ಹಾರಬೇಕು ಎಂದೆಲ್ಲ ನಿಯಮವಿತ್ತು. ಸಪಾಟಾದ ಬಯಲಿಗೆ ಆ ನಿಯಮ ಸರಿ. ಏರಿಳಿತದ ಗುಡ್ಡೆಯಲ್ಲಿ ತಗ್ಗಿ ಹಾರಲು ಆಗುವುದುಂಟೆ? ಹರಿಯುವ ತೋಡನ್ನು ಯಾವ ಪ್ಲಾಸ್ಟಿಕ್ಕಿನಿಂದ ಮುಚ್ಚುವುದು?

ಮೊದಲು ಹೇಳಿದ್ದು ದನಗಳು ಎನ್ನಬೇಕು. 1979ರಲ್ಲೇ ಪಡ್ರೆಯಲ್ಲಿ ಕರುಗಳು ಕಾಲು ಸೊಟ್ಟಗಾಗಿ ಹುಟ್ಟುತ್ತಿರುವುದನ್ನು ಕೃಷಿಕ, ಪತ್ರಕರ್ತ ಶ್ರೀಪಡ್ರೆ ಬರೆದರು. ಆಗ ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. 1982ರಲ್ಲಿ ಡಾ. ವೈ.ಎಸ್. ಮೋಹನ ಕುಮಾರ್ ಅಲ್ಲಿಯ ವಾಣಿನಗರದಲ್ಲಿ ವೈದ್ಯವೃತ್ತಿ ಸುರುಮಾಡಿದರು. ಸಣ್ಣ ಊರು, ಹತ್ತಾರು ವರ್ಷ ಒಂದೇ ಕಡೆ ಇರುವ ಡಾಕ್ಟರಿಗೆ ಮನೆಮನೆಯ ಕಾಯಿಲೆಯೂ ಗೊತ್ತಿರುತ್ತದೆ. ಬುದ್ಧಿ ಬೆಳೆಯದ ಮಕ್ಕಳು, ಅಪಸ್ಮಾರ, ಕ್ಯಾನ್ಸರು, ಹುಟ್ಟಿನಿಂದಲೇ ಬಂದ ಅಂಗಾಂಗದ ಊನಗಳು ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಹೆಚ್ಚಾಗಿ ಏಕೆ ಎಂದು ಅವರಿಗೆ ಅನುಮಾನ ಬಂತು. ಕೊಡೆಂಕಿರಿ ತೋಡಿನ ಇಬ್ಬದಿಯ ಮನೆಗಳಲ್ಲಿ ಕಾಯಿಲೆಗಳು ಹೆಚ್ಚಿರುವುದನ್ನು ಅವರು ಗುರುತಿಸಿದರು. ನೀರಿನಲ್ಲಿ ಏನೋ ಇದೆ, ಮಣ್ಣಿನಲ್ಲಿ ಏನೋ ಇದೆ ಎಂಬ ಮಾತು ಹುಟ್ಟಿದ್ದು ಅಲ್ಲಿಂದ.

ಇನ್ನೊಂದು ಕಡೆ, ಪೆರಿಯದಲ್ಲಿ, ಲೀಲಾಕುಮಾರಿ ಅಮ್ಮ ಎಂಬ ಹೆಣ್ಣುಮಗಳು ತನ್ನದೇ ದಾರಿ ಹಿಡಿದರು. ಆಕೆ ಕೃಷಿ ಇಲಾಖೆಯಲ್ಲಿ ಕೆಲಸದಲ್ಲಿದ್ದವರು. ತೋಟದ ಬಳಿ ಹೊಸ ಮನೆ ಕಟ್ಟಿಕೊಂಡು ಬಂದಮೇಲೆ ಆರೋಗ್ಯ ಕೆಟ್ಟಿತು. ದೂರು ಬರೆದರು, ಓಡಾಡಿದರು, ಕೊನೆಗೆ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 1998ರಲ್ಲಿ ಹೊಸದುರ್ಗದ ಮುನ್ಸೀಫ್ ಕೋರ್ಟು ಸಿಂಪಡಣೆಗೆ ತಡೆ ಕೊಟ್ಟಿತು. 2000ದಲ್ಲಿ ಅದನ್ನು ಖಾಯಂ ಮಾಡಿತು. ದೊಡ್ಡ ದೊಡ್ಡ ಸಮಿತಿಗಳು ಕೂರುವುದಕ್ಕೆ ಮುಂಚೆಯೇ ಹೆಲಿಕಾಪ್ಟರನ್ನು ನಿಲ್ಲಿಸಿದ್ದು ಒಬ್ಬ ಸಾಮಾನ್ಯ ನೌಕರಳ ದಾವೆ ಎಂಬುದನ್ನು ನಮ್ಮ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕು.

ಇಲ್ಲಿ ಸ್ವಲ್ಪ ನಿಂತು ಒಂದು ಲೆಕ್ಕ ನೋಡೋಣ. ಮಣ್ಣು ಕೆಟ್ಟಿದೆ ಎಂದ ಮಾತ್ರಕ್ಕೆ ಮನುಷ್ಯನಿಗೆ ಅಪಾಯ ಬಂತು ಎಂದಾಗುವುದಿಲ್ಲ. ತಿಳಿದವರು ಮೂರು ಪ್ರಶ್ನೆ ಕೇಳುತ್ತಾರೆ. ವಿಷ ಎಲ್ಲಿದೆ, ಎಷ್ಟಿದೆ? ಅದು ಮೈಯೊಳಗೆ ಹೋಗಲು ಯಾವ ದಾರಿಯಿದೆ? ಆ ದಾರಿಯಲ್ಲಿ ನಿಂತವರು ಯಾರು? ಮೂರರಲ್ಲಿ ಒಂದು ತಪ್ಪಿದರೂ ಸರಪಳಿ ಕಡಿಯುತ್ತದೆ. ಬೇಲಿ ಹಾಕಿದ, ಯಾರೂ ಕಾಲಿಡದ ಜಾಗದ ವಿಷ ಸದ್ಯಕ್ಕೆ ಯಾರನ್ನೂ ಮುಟ್ಟುವುದಿಲ್ಲ. ಅದೇ ಜಾಗದಲ್ಲಿ ಬಾವಿ ತೋಡಿದರೆ, ಹಸು ಮೇಯಿಸಿದರೆ, ಮಗು ಆಡಿದರೆ ಲೆಕ್ಕ ಬೇರೆ.

ಎಣ್ಣೆಯ ಉದಾಹರಣೆಯಿಂದ ಇದು ಸುಲಭವಾಗಿ ಗೊತ್ತಾಗುತ್ತದೆ. ನಾನು ಸಣ್ಣವಳಿದ್ದಾಗ ನಾರಾವಿ ಪೇಟೆಯ ಒಂದು ಅಂಗಡಿಯ ಹಿಂದೆ ಸೀಮೆಎಣ್ಣೆಯ ಡ್ರಮ್ಮುಗಳನ್ನಿಡುತ್ತಿದ್ದರು. ಅವುಗಳ ಬುಡದ ಮಣ್ಣು ಕಪ್ಪಾಗಿ, ಜಿಗುಟಾಗಿ, ಮಳೆಗಾಲದಲ್ಲೂ ಒಂದು ಹುಲ್ಲು ಹುಟ್ಟದೆ ಇರುತ್ತಿತ್ತು. ಅಂಥ ಜಾಗಗಳು ಈಗ ಊರೂರಲ್ಲಿವೆ: ಹಳೆಯ ಗ್ಯಾರೇಜು, ಮುಚ್ಚಿದ ಪೆಟ್ರೋಲ್ ಬಂಕು, ಜನರೇಟರಿನ ಶೆಡ್ಡು. ನಮ್ಮ ತಾಲೂಕಿನ ನೆಲದಡಿಯಲ್ಲೇ ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಹೋಗುವ, ಸುಮಾರು 362 ಕಿಲೋಮೀಟರ್ ಉದ್ದದ ಎಣ್ಣೆಯ ಕೊಳವೆ ಹಾದುಹೋಗಿದೆ. ನೆರಿಯದಲ್ಲಿ ಅದಕ್ಕೊಂದು ಪಂಪಿಂಗ್ ಸ್ಟೇಷನ್ ಇದೆ. 2021ರಲ್ಲಿ ಬಂಟ್ವಾಳ ತಾಲೂಕಿನ ಸೊರ್ನಾಡು ಕಡೆ ಈ ಕೊಳವೆಗೇ ಕನ್ನ ಹಾಕಿ ಡೀಸೆಲ್ ಕದ್ದ ಪ್ರಕರಣ ಬಯಲಾಯಿತು. ಕಳವಿನ ಸುದ್ದಿ ಓದಿದವರು ಎಣ್ಣೆಯ ಬೆಲೆ ಎಷ್ಟೆಂದು ಲೆಕ್ಕ ಹಾಕಿದರು. ಹೀಗೆ ಕೊರೆದ ಕಡೆ ಮಣ್ಣಿಗೆ ಎಷ್ಟು ಸೋರಬಹುದು, ಪಕ್ಕದ ಬಾವಿಗೆ ಏನಾಗಬಹುದು ಎಂದು ಕೇಳಿದವರು ಕಡಿಮೆ.

ಎಣ್ಣೆ ಮಣ್ಣಿಗೆ ಬಿದ್ದರೆ ಹಗುರವಾದ ಅಂಶ ಆವಿಯಾಗುತ್ತದೆ, ಭಾರವಾದದ್ದು ಮಣ್ಣಿಗೆ ಅಂಟಿಕೊಳ್ಳುತ್ತದೆ, ಕಣ್ಣಿಗೆ ಕಾಣದ ಜೀವಿಗಳು ನಿಧಾನಕ್ಕೆ ಒಂದಷ್ಟನ್ನು ತಿಂದು ಮುಗಿಸುತ್ತವೆ. ಆದರೆ ಪೆಟ್ರೋಲಿನಲ್ಲಿ ಬೆಂಜೀನ್ ಎಂಬುದೊಂದಿದೆ. ಅದು ನೀರಿನಲ್ಲಿ ತಕ್ಕಮಟ್ಟಿಗೆ ಕರಗುತ್ತದೆ. ಬಹಳ ಕಾಲ ಒಳಗೆ ಹೋದರೆ ರಕ್ತದ ಕ್ಯಾನ್ಸರಿಗೆ ಕಾರಣವಾಗುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಷ್ಟು ಕಡಿಮೆ ಇದ್ದರೆ ನಮ್ಮ ಮೂಗಿಗೆ ಗೊತ್ತೇ ಆಗುವುದಿಲ್ಲ. ವಾಸನೆ ಬರುವ ಹೊತ್ತಿಗೆ ಮಿತಿ ಎಷ್ಟೋ ಪಟ್ಟು ದಾಟಿರುತ್ತದೆ. ಆದುದರಿಂದ ‘ವಾಸನೆ ಇಲ್ಲ, ತೊಂದರೆಯಿಲ್ಲ’ ಎನ್ನುವುದು ಸರಿಯಲ್ಲ. ಅಂಥ ನೀರನ್ನು ಕಾಯಿಸಿ ಆರಿಸಿ ಕುಡಿದರೆ ಸಾಕು ಎಂಬುದೂ ಸರಿಯಲ್ಲ. ಕುದಿಸುವುದು ಕ್ರಿಮಿಗೆ ಮದ್ದು, ರಾಸಾಯನಿಕಕ್ಕಲ್ಲ. ಕುದಿಸಿದಾಗ ಬೆಂಜೀನ್ ಹೊರಟು ಸೇರುವುದು ಅಡುಗೆಮನೆಯ ಗಾಳಿಗೆ, ಅಲ್ಲಿರುವುದು ನಾವು.

ಎಂಡೋಸಲ್ಫಾನಿನ ಸ್ವಭಾವ ಇದಕ್ಕಿಂತ ಬೇರೆ. ಅದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಮಣ್ಣಿಗೆ ಅಂಟಿಕೊಂಡು, ಮಳೆಗೆ ಕೊಚ್ಚಿಹೋದ ಮಣ್ಣಿನೊಂದಿಗೇ ತೋಡಿಗೆ ಇಳಿಯುತ್ತದೆ. ಮಣ್ಣಿನಲ್ಲಿ ಅದು ಒಡೆದು ಎಂಡೋಸಲ್ಫಾನ್ ಸಲ್ಫೇಟ್ ಎಂಬ ಇನ್ನೊಂದು ರೂಪ ತಾಳುತ್ತದೆ, ಅದೂ ವಿಷವೇ. ಎಲ್ಲ ರೂಪಗಳನ್ನೂ ಸೇರಿಸಿ ನೋಡಿದರೆ ಅದರ ಅರ್ಧ ಭಾಗ ಅಳಿಯಲು ಒಂಬತ್ತು ತಿಂಗಳಿನಿಂದ ಆರು ವರ್ಷದವರೆಗೂ ಹಿಡಿಯಬಹುದು. ಕೊಬ್ಬಿನಲ್ಲಿ ನಿಲ್ಲುವುದರಿಂದ ಹಸುವಿನ ಹಾಲಿಗೂ ಬರುತ್ತದೆ, ಎದೆಹಾಲಿಗೂ ಬರುತ್ತದೆ.

ದಾರಿಯಲ್ಲಿ ನಿಂತವರು ಯಾರು ಎಂಬ ಮೂರನೆಯ ಪ್ರಶ್ನೆಗೆ ಬನ್ನಿ. ಆಹಾರ ಮತ್ತು ಆರೋಗ್ಯದ ಅಂತಾರಾಷ್ಟ್ರೀಯ ತಜ್ಞರು 1998ರಲ್ಲಿ ದಿನವೊಂದಕ್ಕೆ ಮೈತೂಕದ ಕಿಲೋಗೆ 0.006 ಮಿಲಿಗ್ರಾಂ ಎಂಡೋಸಲ್ಫಾನನ್ನು ಮಿತಿಯೆಂದು ಇಟ್ಟಿದ್ದರು. 60 ಕಿಲೋ ತೂಗುವ ಗಂಡಸಿಗೆ ಅದು ದಿನಕ್ಕೆ 0.36 ಮಿಲಿಗ್ರಾಂ ಆಯಿತು. 10 ಕಿಲೋ ತೂಗುವ ಮಗುವಿಗೆ 0.06 ಮಾತ್ರ. ಆದರೆ ನೆಲದಲ್ಲಿ ಅಂಬೆಗಾಲಿಡುವುದು ಮಗು. ಬಿದ್ದ ಗೇರುಹಣ್ಣನ್ನು ತೊಳೆಯದೆ ಬಾಯಿಗಿಡುವುದೂ ಅದೇ. ಗುಡ್ಡೆಯಲ್ಲಿ ಬೀಜ ಹೆಕ್ಕುವವರು, ಸೊಪ್ಪು ತರಗೆಲೆ ತರುವವರು, ತೋಡಿನಲ್ಲಿ ಬಟ್ಟೆ ಒಗೆಯುವವರು ಹೆಚ್ಚಾಗಿ ಹೆಂಗಸರು. ಕಾಗದದ ಮೇಲಿನ ಆ 60 ಕಿಲೋದ ಗಂಡಸು ಇವರಲ್ಲಿ ಯಾರೂ ಅಲ್ಲ.

ಪಡ್ರೆಯ ಅಳತೆಯ ಕತೆ ಹೀಗಿದೆ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಅಲ್ಲಿಯ ನೀರು, ಮಣ್ಣು, ಹಾಲು, ಮನುಷ್ಯರ ರಕ್ತದ ಮಾದರಿಗಳನ್ನು ಪರೀಕ್ಷಿಸಿ ಬಹಳ ಹೆಚ್ಚಿನ ಪ್ರಮಾಣದ ಎಂಡೋಸಲ್ಫಾನ್ ಇದೆಯೆಂದಿತು. ಅದೇ ವರ್ಷ ಪ್ಲಾಂಟೇಷನ್ ಕಾರ್ಪೊರೇಷನ್ ಮಾಡಿಸಿದ ಇನ್ನೊಂದು ಪರೀಕ್ಷೆ, ಹೆದರುವಂಥದ್ದೇನಿಲ್ಲ ಎಂದಿತು. ಒಂದೇ ಊರು, ಎರಡು ಪ್ರಯೋಗಾಲಯ, ಎರಡು ಉತ್ತರ. ಯಾವ ತಿಂಗಳಲ್ಲಿ ಮಾದರಿ ತೆಗೆದರು, ಎಷ್ಟು ಮನೆಯಿಂದ ತೆಗೆದರು, ಯಾವ ವಿಧಾನದಿಂದ ಅಳೆದರು, ಹಣ ಕೊಟ್ಟವರು ಯಾರು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ ಎಂಬ ಪಾಠವನ್ನು ಆ ಊರಿನ ಜನ ಬೇಸರದಿಂದಲೇ ಕಲಿತರು.

ಆಮೇಲೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದರು. ಅವರು ಮಾಡಿದ ಒಂದು ಕೆಲಸ ನನಗೆ ಬಹಳ ಮುಖ್ಯವೆನಿಸುತ್ತದೆ: ಹೋಲಿಸಿ ನೋಡಿದರು. ಪಡ್ರೆಯ ಶಾಲಾಮಕ್ಕಳನ್ನು ನೋಡಿದಂತೆಯೇ, ಹೆಲಿಕಾಪ್ಟರಿನ ಸಿಂಪಡಣೆ ನಡೆಯದ ಮೀಂಜದ ಮಕ್ಕಳನ್ನೂ ನೋಡಿದರು. ಅದೇ ಹವೆ, ಅದೇ ಊಟ, ಅದೇ ಬಡತನ, ಮದ್ದೊಂದೇ ವ್ಯತ್ಯಾಸ. 2003ರಲ್ಲಿ ಅಂತಾರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಪಡ್ರೆಯ 117 ಹುಡುಗರೂ ಹೋಲಿಕೆಯ ಊರಿನ 90 ಹುಡುಗರೂ ಇದ್ದರು. ಸಿಂಪಡಣೆ ನಿಂತು ತಿಂಗಳುಗಳೇ ಕಳೆದಿದ್ದರೂ ಪಡ್ರೆಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಸರಾಸರಿ ನೂರು ಕೋಟಿಯಲ್ಲಿ 7.47 ಭಾಗ ಇತ್ತು, ಅತ್ತಲಿನವರಲ್ಲಿ 1.37 ಭಾಗ. ಪಡ್ರೆಯ ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಎಂದೂ ಕಂಡುಬಂತು. ಅದೇ 2003ರಲ್ಲಿ ಕೇಂದ್ರದ ದುಬೆ ಸಮಿತಿ, ಕಾಯಿಲೆಗೂ ಎಂಡೋಸಲ್ಫಾನಿಗೂ ಸಂಬಂಧ ಸಿದ್ಧವಾಗಿಲ್ಲ ಎಂದಿತು.

ಸಿದ್ಧವಾಗಿಲ್ಲ ಎಂಬ ಮಾತಿನ ಬಗ್ಗೆ ನಾವು ಯೋಚಿಸಬೇಕು. ಒಂದು ಮಗುವನ್ನು ಮುಂದಿಟ್ಟುಕೊಂಡು, ಇದರ ಊನಕ್ಕೆ ಇದೇ ಮದ್ದು ಕಾರಣವೆಂದು ಆಣೆಯಿಟ್ಟು ಹೇಳಲು ಯಾವ ವೈದ್ಯರಿಗೂ ಆಗದು. ಮದ್ದು ಬೀಳದ ಊರಿನಲ್ಲೂ ಅಂಥ ಮಕ್ಕಳು ಹುಟ್ಟುತ್ತಾರೆ. ಸಂಬಂಧಿಕರೊಳಗಿನ ಮದುವೆ, ಹೆರಿಗೆಯ ತೊಂದರೆ, ಬಾಲ್ಯದ ಜ್ವರ ಹೀಗೆ ಬೇರೆ ಕಾರಣಗಳಿರಬಹುದು. ಈ ಸಂದೇಹ ಎತ್ತಿದ ವಿಜ್ಞಾನಿಗಳೆಲ್ಲ ಕೆಟ್ಟವರೆಂದು ನಾನು ಹೇಳುವುದಿಲ್ಲ. ಆದರೆ ಊರಿಗೆ ಊರನ್ನೇ ಎಣಿಸಿ, ಪಕ್ಕದ ಊರಿನೊಂದಿಗೆ ಹೋಲಿಸಿದರೆ ಹೆಚ್ಚಳ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಅದಕ್ಕೆ ಮೊದಲಿನ ದಾಖಲೆ ಬೇಕು. ಸಿಂಪಡಣೆಗೆ ಮೊದಲು ಈ ಗ್ರಾಮಗಳಲ್ಲಿ ಎಷ್ಟು ಮಕ್ಕಳು ಹೇಗೆ ಹುಟ್ಟಿದರು, ಎಷ್ಟು ಗರ್ಭ ಇಳಿದುಹೋಯಿತು ಎಂದು ಬರೆದಿಟ್ಟವರಾರು? ಅದು ಇದ್ದದ್ದು ಸೂಲಗಿತ್ತಿಯರ ಮತ್ತು ಅಜ್ಜಿಯರ ನೆನಪಿನಲ್ಲಿ. ನೆನಪಿಗೆ ಸಮಿತಿಗಳ ಮುಂದೆ ಬೆಲೆಯಿಲ್ಲ. ಇಪ್ಪತ್ತು ವರ್ಷ ಯಾರೂ ಅಳೆಯಲಿಲ್ಲ, ಇಪ್ಪತ್ತು ವರ್ಷದ ಮೇಲೆ ಅಳತೆಯಿಲ್ಲ ಎಂದರು.

ಕೊನೆಗೂ ತೀರ್ಮಾನ ಬಂತು. 2011ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ತಾತ್ಕಾಲಿಕ ನಿಷೇಧ ಹಾಕಿತು. ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಸೇರಿದ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ಜಗತ್ತಿನಿಂದಲೇ ತೊಲಗಿಸಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ಅದರ ತಯಾರಿ, ಮಾರಾಟ, ಬಳಕೆಯನ್ನು ತಡೆಯಿತು. 2017ರ ಜನವರಿ 10ರಂದು ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಅದೇ ಕೋರ್ಟು ಹೇಳಿತು. ನಮ್ಮ ಕಡೆ ಬೆಳ್ತಂಗಡಿ, ಪುತ್ತೂರು, ಬಂಟ್ವಾಳ ತಾಲೂಕುಗಳಲ್ಲಿ ಸಮೀಕ್ಷೆ ನಡೆದು ಸಾವಿರಾರು ಮಂದಿಯನ್ನು ಗುರುತಿಸಿದರು. ಕೊಕ್ಕಡದಲ್ಲೂ ಕೊಯ್ಲದಲ್ಲೂ ಮಕ್ಕಳನ್ನು ಹಗಲು ನೋಡಿಕೊಳ್ಳುವ ಕೇಂದ್ರಗಳು ತೆರೆದವು. ಊನದ ಶೇಕಡಾ ಪ್ರಮಾಣ ನೋಡಿ ಮಾಸಾಶನ ನಿಗದಿಯಾಯಿತು.

ಆ ಶೇಕಡಾ ಲೆಕ್ಕ ಓದುವಾಗಲೆಲ್ಲ ನನಗೆ ತಾಯಂದಿರ ನೆನಪಾಗುತ್ತದೆ. ಮಗುವಿನ ಊನ ಶೇಕಡಾ 60 ಆದರೆ ತಾಯಿಯದ್ದು ಎಷ್ಟು? ಬೆಳೆದ ಮಗನನ್ನು ದಿನಕ್ಕೆ ನಾಲ್ಕು ಸಲ ಎತ್ತಿ ಇಳಿಸುವವಳ ಸೊಂಟದ ನೋವು ಯಾವ ಅರ್ಜಿಯಲ್ಲೂ ಬರುವುದಿಲ್ಲ. ಮದುವೆಮನೆಗೆ ಹೋಗದೆ, ತವರಿಗೆ ಹೋಗದೆ, ಒಂದು ರಾತ್ರಿ ಸರಿಯಾಗಿ ನಿದ್ದೆ ಮಾಡದೆ ಕಳೆದ ವರ್ಷಗಳಿಗೆ ಅರ್ಜಿ ನಮೂನೆಯಲ್ಲಿ ಕಾಲಮ್ಮು ಇಲ್ಲ. ‘ನಾನು ಹೋದಮೇಲೆ ಇವನನ್ನು ಯಾರು ನೋಡುತ್ತಾರೆ ಅಕ್ಕಾ?’ ಎಂದು ಅಂಥ ತಾಯಿಯೊಬ್ಬಳು ನನ್ನನ್ನು ಕೇಳಿದ್ದುಂಟು. ಅದಕ್ಕೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ. ಮಾಸಾಶನ ಕೊಡುವವರು ಯೋಚಿಸಬೇಕಾದ ಪ್ರಶ್ನೆ ಅದು.

ಮಣ್ಣಿನ ಕತೆಯೂ ಮುಗಿದಿಲ್ಲ. ನಿಷೇಧದ ಹೊತ್ತಿಗೆ ಕಾಸರಗೋಡಿನ ಗೋದಾಮುಗಳಲ್ಲಿ ಮದ್ದಿನ ಡ್ರಮ್ಮುಗಳು ಉಳಿದಿದ್ದವು. ಸೋರುತ್ತಿದ್ದ ಡ್ರಮ್ಮುಗಳಿಂದ ಅದನ್ನು 2012ರಲ್ಲಿ ಹೊಸ ಡ್ರಮ್ಮುಗಳಿಗೆ ವರ್ಗಾಯಿಸಿದರು. ಒಂದಷ್ಟನ್ನು ಗಡಿಯ ಮಿಂಚಿನಪದವಿನ ಗೇರುತೋಟದ ಹಾಳುಬಾವಿಗೆ ಹಾಕಿ ಮಣ್ಣು ಮುಚ್ಚಿದ್ದಾರೆಂಬ ದೂರನ್ನು ಉಡುಪಿಯ ಮಾನವ ಹಕ್ಕುಗಳ ಪ್ರತಿಷ್ಠಾನದ ಡಾ. ರವೀಂದ್ರನಾಥ ಶ್ಯಾನುಭಾಗರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಕೊಂಡೊಯ್ದರು. 2023ರ ಡಿಸೆಂಬರಿನಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಂಡ ಆ ಗುಡ್ಡೆಗೆ ಬಂದು ಪರಿಶೀಲಿಸಿತು. ಕೊನೆಯ ಹೆಲಿಕಾಪ್ಟರ್ ಹಾರಿ ಆಗ 23 ವರ್ಷ ಆಗಿತ್ತು.

ಪೇಟೆಯಲ್ಲಿರುವ ನಮಗೆ ಇದರಿಂದೇನು ಎಂದು ನೀವು ಕೇಳಬಹುದು. ನಾವು ಈಗ ಸೈಟು ಕೊಳ್ಳುವವರು, ಫ್ಲ್ಯಾಟು ಕೊಳ್ಳುವವರು. ವಾಸ್ತು ನೋಡುತ್ತೇವೆ, ನೀರು ಎಷ್ಟು ಅಡಿಗೆ ಸಿಗುತ್ತದೆಂದು ನೋಡುತ್ತೇವೆ. ಈ ಜಾಗದಲ್ಲಿ ಮೊದಲು ಏನಿತ್ತು ಎಂದು ಕೇಳುವುದಿಲ್ಲ. ಗ್ಯಾರೇಜು ಇತ್ತೆ, ಎಣ್ಣೆಯ ಟ್ಯಾಂಕು ಹೂತಿತ್ತೆ, ಮದ್ದಿನ ಗೋದಾಮು ಇತ್ತೆ ಎಂದು ನೆರೆಮನೆಯ ಹಿರಿಯರನ್ನು ಕೇಳಲು ಖರ್ಚಿಲ್ಲ. ಅನುಮಾನ ಬಂದರೆ ಬಾವಿಯ ನೀರನ್ನು ಪ್ರಯೋಗಾಲಯಕ್ಕೆ ಕೊಡುವಾಗ ಬರೇ ಕ್ರಿಮಿ ಇದೆಯೇ ಎಂದು ನೋಡಿಸಿದರೆ ಸಾಲದು. ಎಣ್ಣೆ ಅಥವಾ ಕೀಟನಾಶಕ ಎಂದು ಹೆಸರು ಹೇಳಿಯೇ ಕೇಳಬೇಕು. ಕೇಳದ್ದನ್ನು ಅವರು ಹುಡುಕುವುದಿಲ್ಲ. ಮಳೆಗಾಲಕ್ಕೆ ಮೊದಲೊಮ್ಮೆ, ಅನಂತರ ಒಮ್ಮೆ ನೋಡಿಸುವುದು ಒಳ್ಳೆಯದು.

ಇನ್ನೊಂದು ಕೆಲಸ ನಮ್ಮ ಕೈಯಲ್ಲೇ ಇದೆ, ಬರೆದಿಡುವುದು. ಹಾಲಿನವನ ಲೆಕ್ಕ, ದಿನಸಿಯ ಲೆಕ್ಕ ಬರೆಯುವ ನೋಟುಪುಸ್ತಕದಲ್ಲೇ ಊರಿನ ಗುಡ್ಡೆಗೆ ಮದ್ದು ಹೊಡೆದ ದಿನ, ಬಾವಿಯ ನೀರು ಬಣ್ಣಗೆಟ್ಟ ದಿನ, ಹಟ್ಟಿಯ ಹಸು ಕಂದು ಹಾಕಿದ ದಿನ, ಓಣಿಯ ಮಕ್ಕಳಿಗೆ ಒಂದೇ ಬಗೆಯ ಕಾಯಿಲೆ ಬಂದ ದಿನ ತಾರೀಖು ಹಾಕಿ ಒಂದೊಂದು ಸಾಲು ಬರೆಯಬಹುದು. ಪಡ್ರೆಯಲ್ಲೂ ಕೊಕ್ಕಡದಲ್ಲೂ ಅಂಥ ಹತ್ತು ಪುಸ್ತಕಗಳಿದ್ದಿದ್ದರೆ ಇಪ್ಪತ್ತು ವರ್ಷದ ಮೇಲೆ ಬಂದ ಸಮಿತಿಗಳಿಗೆ, ಅಳತೆಯಿಲ್ಲ ಎನ್ನಲು ಅಷ್ಟು ಸುಲಭವಾಗುತ್ತಿರಲಿಲ್ಲ.